ಹೊರವಲಯ ಯಾರ ಆಯ್ಕೆ?

ವಾರದ ಕೊನೆಗೆ ಪತ್ರಿಕೆಗಳ ಜೊತೆ ಬರುವ ಮನೆ-ನಿವೇಶನದ ಪುರವಣಿಗಳಲ್ಲಿ ಒಂದು ಚರ್ಚೆ ವರ್ಷಕ್ಕೆರಡು ಸಲವಾದರೂ ಕಾಣಿಸಿಕೊಳ್ಳುತ್ತದೆ. ಮಹಾನಗರದ ಒಳಗೆ ಮನೆ ಮಾಡುವುದು ಮೇಲೋ, ಹೊರವಲಯದಲ್ಲಿ ಮಾಡುವುದು ಮೇಲೋ ಎಂಬುದು ಅದರ ವಿಷಯ. ಒಂದು ಕಡೆಗೆ ಅನುಕೂಲಗಳು: ಒಳ್ಳೆಯ ಗಾಳಿ, ದೊಡ್ಡ ಸೈಟು, ಕಡಿಮೆ ಬೆಲೆ, ಮಕ್ಕಳಿಗೆ ಆಡಲು ಬಯಲು. ಇನ್ನೊಂದು ಕಡೆಗೆ ಅನಾನುಕೂಲಗಳು: ಆಫೀಸು ದೂರ, ಆಸ್ಪತ್ರೆ ದೂರ, ಸಂಜೆಯ ಟ್ರಾಫಿಕ್ಕು. ಎರಡನ್ನೂ ತೂಗಿ ನೋಡಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂಬ ಹಿತವಚನದೊಂದಿಗೆ ಲೇಖನ ಮುಗಿಯುತ್ತದೆ. ಪಕ್ಕದ ಪುಟದಲ್ಲಿ ಅದೇ ಹೊರವಲಯದ ಲೇಔಟಿನ ಜಾಹೀರಾತು ಇರುತ್ತದೆ. ನಮ್ಮ ತಕರಾರು ಈ ತಕ್ಕಡಿಯ ಬಗ್ಗೆಯೇ. ತೂಗಿ ನೋಡಿ ಆರಿಸಿಕೊಳ್ಳುವ ಸೌಲಭ್ಯ ಉಳ್ಳವರು ಹೊರವಲಯದಲ್ಲಿ ಎಷ್ಟು ಮಂದಿ ಇದ್ದಾರೆ? ಉಳಿದವರು ಅಲ್ಲಿಗೆ ಹೇಗೆ ಬಂದು ಮುಟ್ಟಿದರು?

ನಮ್ಮ ಕಡೆಯವರಿಂದಲೇ ಶುರುಮಾಡೋಣ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಿಂದ ದುಡಿಮೆ ಅರಸಿ ಹೋದವರನ್ನು ಊರಲ್ಲಿ ‘ಬೆಂಗಳೂರಲ್ಲಿದ್ದಾರೆ’ ಎಂದೇ ಹೇಳುತ್ತಾರೆ. ಆದರೆ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬರುವ ಬಸ್ಸು ಮೆಜೆಸ್ಟಿಕ್ ಮುಟ್ಟುವ ಮೊದಲೇ ಅವರೆಲ್ಲ ಇಳಿದುಬಿಟ್ಟಿರುತ್ತಾರೆ. ನೆಲಮಂಗಲ, ಮಾದನಾಯಕನಹಳ್ಳಿ, ಮಾದಾವರ, ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್. ಗಾರೆ ಕೆಲಸದವರು, ವೆಲ್ಡಿಂಗ್‌ನವರು, ಆಟೋ ಓಡಿಸುವವರು, ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಹತ್ತು ವರ್ಷ ಬೆಂಗಳೂರಲ್ಲಿದ್ದೂ ಲಾಲ್‌ಬಾಗ್ ನೋಡದವರು ಅವರಲ್ಲಿ ಇದ್ದಾರೆ. ನೋಡಲು ಪುರಸೊತ್ತು ಸಿಕ್ಕಿಲ್ಲ, ಅಷ್ಟೆ. ರಜೆ ಸಿಕ್ಕರೆ ಅವರು ಹತ್ತುವುದು ದುರ್ಗದ ಬಸ್ಸನ್ನು.

ಕನ್ನಡದಲ್ಲಿ ‘ಊರ ಹೊರಗೆ’ ಎಂಬ ಮಾತಿಗೆ ಹಳೆಯದೊಂದು ಅರ್ಥವಿದೆ. ದಲಿತರ ಕೇರಿ, ಸುಡುಗಾಡು, ಕಬರಸ್ಥಾನ, ತಿಪ್ಪೆಗುಂಡಿ ಇವೆಲ್ಲ ಊರ ಹೊರಗೆ. ಊರು ಯಾವುದನ್ನು ಮಗ್ಗುಲಲ್ಲಿ ಇಟ್ಟುಕೊಳ್ಳಲು ಒಲ್ಲದೋ, ಆದರೆ ಯಾವುದಿಲ್ಲದೆ ಅದರ ದಿನ ಸಾಗುವುದಿಲ್ಲವೋ ಅದನ್ನು ಹೊರಗೆ ಇಡುತ್ತದೆ. ‘ಹೊರವಲಯ’ ಎಂಬ ಹೊಸ ಶಬ್ದ ಈ ಅರ್ಥವನ್ನು ಮರೆಸಿದೆಯೇ ಹೊರತು ಅಳಿಸಿಲ್ಲ. ಬೆಂಗಳೂರಿನ ಕಟ್ಟಡ ಕಟ್ಟುವವರು, ಬಟ್ಟೆ ಹೊಲಿಯುವವರು, ಕಸ ಗುಡಿಸುವವರು ಹೊರಗೆ. ಅವರ ಪಕ್ಕದಲ್ಲಿಯೇ ಕಸವೂ ಹೊರಗೆ. ನಗರದ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಸಾಗಿಸಿದ್ದು ನೆನಪಿರಬಹುದು. ಮಂಡೂರಿನ ಜನ ಲಾರಿಗಳಿಗೆ ಅಡ್ಡ ಕೂತ ಮೇಲೆಯೇ 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಪುರವಣಿಗಳ ‘ಒಳ್ಳೆಯ ಗಾಳಿ’ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನು ಮಂಡೂರಿನವರನ್ನೇ ಕೇಳಬೇಕು.

ಹೊರವಲಯ ಹುಟ್ಟಿನಿಂದಲೇ ಹೀಗೆ ಎಂದು ನಾವು ವಾದಿಸುತ್ತಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲೆಂದೇ ಬಸವನಗುಡಿ, ಮಲ್ಲೇಶ್ವರಗಳನ್ನು ಮಾಡಿದರು. ಆಗ ಅವು ಶುದ್ಧ ಹೊರವಲಯಗಳು. ಆದರೆ ಅಲ್ಲಿ ಮೊದಲು ಗೆರೆ ಎಳೆದು, ರಸ್ತೆ ಬಿಟ್ಟು, ಮೋರಿಗೆ ಜಾಗ ತೋರಿಸಿ, ಆಮೇಲೆ ಮನೆ ಕಟ್ಟಿಸಿದರು. ಮನೆಯ ಸುತ್ತ ಬೆಳಕು-ಗಾಳಿಗೆ ಜಾಗ ಬಿಡಬೇಕೆಂಬ ಎಚ್ಚರ ಆಗಿನ ಸರ್ಕಾರಕ್ಕೆ ಇತ್ತು. ರೋಗ ಎಲ್ಲರ ಮನೆಗೂ ಬರುತ್ತದೆ ಎಂಬ ಭಯವೂ ಇತ್ತು ಅನ್ನಿ. ಇವತ್ತು ಆ ಎರಡು ಬಡಾವಣೆಗಳಲ್ಲಿ ಒಂದು ಸೈಟಿನ ಬೆಲೆ ಕೇಳಿದರೆ ನಮ್ಮ ತಾಳ್ಯದ ಕಡೆಯ ರೈತನಿಗೆ ಎಕರೆಗಟ್ಟಲೆ ಅಡಿಕೆ ತೋಟ ಕಣ್ಣ ಮುಂದೆ ಬರುತ್ತದೆ.

ಈಗಿನ ಕ್ರಮ ಇದಕ್ಕೆ ತಲೆಕೆಳಗು. ಒಬ್ಬ ರೈತನ ಹೊಲವನ್ನು ಏಜೆಂಟನೊಬ್ಬ ಮಾತಾಡಿಕೊಳ್ಳುತ್ತಾನೆ. ಭೂಪರಿವರ್ತನೆಯೂ ಇಲ್ಲ, ಮಂಜೂರಾದ ನಕ್ಷೆಯೂ ಇಲ್ಲ. ಸುಣ್ಣದಲ್ಲಿ ಗೆರೆ ಹಾಕಿ, ಕಲ್ಲು ನೆಟ್ಟು, ಇಪ್ಪತ್ತು-ಮೂವತ್ತರ ಸೈಟುಗಳೆಂದು ಮಾರುತ್ತಾನೆ. ಇದಕ್ಕೆ ‘ರೆವಿನ್ಯೂ ಸೈಟು’ ಎಂದು ಹೆಸರು. ಊರಿನ ಜಮೀನು ಮಾರಿದ ದುಡ್ಡು, ಹೆಂಡತಿಯ ಒಡವೆ, ಚೀಟಿ ಎತ್ತಿದ ಹಣ ಸೇರಿಸಿ ಕೂಲಿಯವನು ಅದನ್ನು ಕೊಳ್ಳುತ್ತಾನೆ. ಮೊದಲು ಶೀಟಿನ ಮನೆ ಏಳುತ್ತದೆ, ಆಮೇಲೆ ಕರೆಂಟು ಬರುತ್ತದೆ, ಅದರ ಎಷ್ಟೋ ಕಾಲದ ಮೇಲೆ ಜಲ್ಲಿ ರಸ್ತೆ. ಮೋರಿ ಬರುವಷ್ಟರಲ್ಲಿ ಮಕ್ಕಳ ಮದುವೆ ಆಗಿರುತ್ತದೆ. ನೀರು ಎಲ್ಲಕ್ಕಿಂತ ಕೊನೆಗೆ.

ಎಷ್ಟು ಕೊನೆಗೆ? 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಕಟ್ಟಿದರು. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಅದನ್ನು ನಾವು ಸಣ್ಣದೆನ್ನುವುದಿಲ್ಲ. ಆದರೆ ತೆರಿಗೆ ಕಟ್ಟುವ ಚೀಟಿ ಮೊದಲು ಬಂದು, ಕೊಳಾಯಿ ಬರಲು ನಡುವೆ ಹದಿನೇಳು ವರ್ಷ ಬೇಕಾಯಿತು. ಮಾದನಾಯಕನಹಳ್ಳಿಯಂಥವು ಆ 110ರ ಗೆರೆಯಿಂದಲೂ ಆಚೆ.

ಈ ಹದಿನೇಳು ವರ್ಷ ಜನ ಏನು ಕುಡಿದರು? ಕೊಳವೆಬಾವಿಯ ನೀರು, ಅದು ಬತ್ತಿದ ಮೇಲೆ ಟ್ಯಾಂಕರ್ ನೀರು. ಇಲ್ಲಿ ಒಂದು ಲೆಕ್ಕವನ್ನು ಓದುಗರು ನಮ್ಮ ಜೊತೆ ಮಾಡಬೇಕು. 2024ರ ಬೇಸಿಗೆಯಲ್ಲಿ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರಿನ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಎಂದರೆ ಸಾವಿರ ಲೀಟರಿಗೆ ಸುಮಾರು 83 ರೂಪಾಯಿ. ಅದೇ ತಿಂಗಳು ನಗರದ ಒಳಗೆ ಕಾವೇರಿ ಸಂಪರ್ಕ ಇದ್ದ ಮನೆಗೆ ಜಲಮಂಡಳಿ ಮೊದಲ ಎಂಟು ಸಾವಿರ ಲೀಟರಿನ ತನಕ ಹಾಕುತ್ತಿದ್ದ ದರ ಸಾವಿರ ಲೀಟರಿಗೆ 7 ರೂಪಾಯಿ. ಸದಾಶಿವನಗರದ ಬಂಗಲೆಗೆ ಏಳು, ಶೀಟಿನ ಮನೆಯವನಿಗೆ ಎಂಬತ್ತಮೂರು. ಅದೂ ಸರ್ಕಾರ ಕಟ್ಟುಮಾಡಿದ ‘ನ್ಯಾಯದ ದರ’. ಬಿಸಿಲು ಏರಿದಾಗ ಬೀದಿಯಲ್ಲಿ ನಡೆದ ದರ ಬೇರೆಯೇ. ಹೊರವಲಯದಲ್ಲಿ ಜೀವನ ಅಗ್ಗ ಎಂದು ಬರೆಯುವವರು ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ್ದಾರೆಯೆ? ನಮ್ಮ ಜಿಲ್ಲೆಯವರಿಗೆ ನೀರಿನ ಬರ ಹೊಸದಲ್ಲ, ಬಿಂದಿಗೆ ಹೊರುವುದೂ ಹೊಸದಲ್ಲ. ಬಿಂದಿಗೆ ಹೊತ್ತದ್ದಕ್ಕೆ ದುಡ್ಡು ತೆತ್ತದ್ದು ಮಾತ್ರ ಬೆಂಗಳೂರಿಗೆ ಹೋದ ಮೇಲೆ.

ದುಡ್ಡಿನ ಮಾತು ಹೀಗಾದರೆ ಹೊತ್ತಿನ ಮಾತು ಇನ್ನೊಂದು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿನ ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದನ್ನು ಅವಳ ಅಲಾರಾಂ ನಿರ್ಧರಿಸುವುದಿಲ್ಲ, ನೀರು ಬಿಡುವ ವಾಟರ್‌ಮನ್ ನಿರ್ಧರಿಸುತ್ತಾನೆ. ನಸುಕಿನಲ್ಲಿ ನೀರು ಹಿಡಿದು, ಅಡುಗೆ ಮಾಡಿಟ್ಟು, ಮಗುವನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ, ಗೇಟು ಮುಚ್ಚುವುದರೊಳಗೆ ಫ್ಯಾಕ್ಟರಿ ಸೇರಬೇಕು. ತಡವಾದರೆ ಸಂಬಳ ಹಿಡಿಯುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾಗಿದ್ದು ಇಂಥವರ ಪಾಲಿಗೆ ನಿಜವಾದ ಆಸರೆ. ಅದನ್ನು ‘ಬಿಟ್ಟಿ ಭಾಗ್ಯ’ ಎಂದು ಗೇಲಿ ಮಾಡುವವರು ತಿಂಗಳ ಕೊನೆಯ ವಾರದಲ್ಲಿ ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿನಲ್ಲಿ ಒಂದು ಸಂಜೆ ನಿಂತು ನೋಡಬೇಕು. ಇನ್ನು ಮೆಟ್ರೋ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಮುಂದುವರಿದಾಗ ನಮ್ಮ ಕಡೆಯವರಿಗೆ ಆದ ಖುಷಿ ಸಣ್ಣದಲ್ಲ. ಊರಿನ ಬಸ್ಸಿಳಿದು ರೈಲು ಹತ್ತಬಹುದಲ್ಲ ಎಂದು. ಮೂರು ತಿಂಗಳು ತುಂಬಿತ್ತಷ್ಟೆ, 2025ರ ಫೆಬ್ರವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದೂರ ಹೋಗುವವನಿಗೆ ಹೆಚ್ಚು ದರ ಎಂಬುದು ನೋಡಲು ನ್ಯಾಯವಾಗಿಯೇ ಇದೆ. ಆದರೆ ಅವನನ್ನು ದೂರಕ್ಕೆ ಕಳಿಸಿದವರು ಯಾರು?

ಈ ಪ್ರಶ್ನೆಗೆ ಬಾಡಿಗೆಯ ಬೆಲೆಯೊಂದೇ ಉತ್ತರವಲ್ಲ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಒಮ್ಮೆ ನಾವು ಬಾಡಿಗೆ ಮನೆ ಕೇಳಿಕೊಂಡು ಹೋಗಿದ್ದೆವು. ಮನೆಯ ಯಜಮಾನರು ಸಾಹಿತ್ಯಾಸಕ್ತರು. ನಾವು ಕನ್ನಡದಲ್ಲಿ ಕಥೆಗಳ ಬಗ್ಗೆ ಮಾತಾಡುತ್ತಿದ್ದಷ್ಟು ಹೊತ್ತು ಮನೆ ಖಾಲಿ ಇತ್ತು, ಕಾಫಿಯೂ ಬಂತು. ಹೆಸರು ಹೇಳಿದ ಮೇಲೆ ಅದನ್ನು ತಮ್ಮನ ಮಗನಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು ಎಂಬುದು ಅವರಿಗೆ ನೆನಪಾಯಿತು. ದಲಿತ ಗೆಳೆಯರಿಗೆ ಇಷ್ಟು ನಾಜೂಕೂ ಸಿಗುವುದಿಲ್ಲ. ‘ನೀವು ಯಾವ ಜನ?’ ಎಂದು ನೇರ ಕೇಳುತ್ತಾರೆ, ಇಲ್ಲವೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಆ ಪ್ರಶ್ನೆಯನ್ನು ಗೇಟಿನಲ್ಲೇ ಕೇಳಿ ಮುಗಿಸುತ್ತದೆ. 2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮರಿಗೆ ಬಾಡಿಗೆ ಮನೆ ಸಿಗದಿರುವುದನ್ನೂ ಅವರು ಒಂದೇ ಕಡೆ ಒತ್ತರಿಸಿಕೊಂಡು ಬದುಕಬೇಕಾಗಿರುವುದನ್ನೂ ಗುರುತಿಸಿತ್ತು. ಗುರುತಿಸಿದ ಮೇಲೂ ಯಾವ ಗೇಟೂ ತೆರೆದದ್ದು ಕಾಣಲಿಲ್ಲ.

ಹೊರವಲಯದ ಅನುಕೂಲವೊಂದು ಇಲ್ಲಿಯೇ ಇದೆ. ಪುರವಣಿಗಳು ಇದನ್ನು ಬರೆಯುವುದಿಲ್ಲ, ನಾವು ಬರೆಯುತ್ತೇವೆ. ರೆವಿನ್ಯೂ ಸೈಟಿನ ಏಜೆಂಟ್ ಹೆಸರು ಕೇಳಿ ಮುಖ ತಿರುಗಿಸುವುದಿಲ್ಲ. ದುಡ್ಡು ಎಣಿಸಿಕೊಳ್ಳುತ್ತಾನೆ. ಅವನ ದುರಾಸೆಯೇ ಬಡವನ ಪಾಲಿಗೆ ಸಮಾನತೆಯಾಗಿ ಒದಗಿದೆ. ತಾಳ್ಯ ಸೀಮೆಯಿಂದ ಹೋದ ಲಿಂಗಾಯತ, ನಾಯಕ, ಮಾದಿಗ, ಗೊಲ್ಲ, ಮುಸ್ಲಿಂ ಮನೆಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುವುದನ್ನು ನೋಡಿದ್ದೇವೆ. ಊರಲ್ಲಿ ಬೇರೆ ಬೇರೆ ಓಣಿಯಲ್ಲಿದ್ದವರು ಒಂದೇ ಟ್ಯಾಂಕರಿಗೆ ಪೈಪು ಹಾಕುತ್ತಾರೆ. ಅದರಿಂದ ಜಾತಿ ಸತ್ತಿತು ಎಂದೇನಲ್ಲ, ಆದರೆ ಅದಕ್ಕೆ ಓಡಾಡಲು ಜಾಗ ಕಡಿಮೆಯಾಗಿದೆ. ಸ್ವಂತ ಮನೆಯ ಹೊಸ್ತಿಲಲ್ಲಿ ಕೂತ ಕೂಲಿಯವನ ನೆಮ್ಮದಿಗೆ ಬೆಲೆ ಕಟ್ಟಲು ನಮಗೆ ಆಗುವುದಿಲ್ಲ. ಅಡ್ವಾನ್ಸು ವಾಪಸು ಕೇಳುವ ಕಾಟವಿಲ್ಲ, ನೆಂಟರು ಬಂದರೆ ಯಜಮಾನನ ಮುಖ ನೋಡಬೇಕಾಗಿಲ್ಲ.

ಹೀಗೆ ಒತ್ತಾಗಿ ಬದುಕುವುದರಿಂದ ಶಕ್ತಿಯೂ ಹುಟ್ಟುತ್ತದೆ. ಭವಿಷ್ಯನಿಧಿ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ಹೊಸ ಕಟ್ಟುಪಾಡಿನ ವಿರುದ್ಧ 2016ರ ಏಪ್ರಿಲಿನಲ್ಲಿ ಮೊದಲು ಬೀದಿಗೆ ಇಳಿದವರು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸಿನವರು ತುಮಕೂರು ರಸ್ತೆಯನ್ನು ನಿಲ್ಲಿಸಿದರು. ಬಸ್ಸುಗಳು ಸುಟ್ಟವು, ಲಾಠಿಗಳು ಬಿದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರಡೇ ದಿನದಲ್ಲಿ ದೆಹಲಿ ಆ ಕಟ್ಟುಪಾಡನ್ನು ಹಿಂದಕ್ಕೆ ಪಡೆಯಿತು. ದೊಡ್ಡ ಕಾರ್ಮಿಕ ಸಂಘಗಳು ಮನವಿಪತ್ರ ಬರೆಯುವಷ್ಟರಲ್ಲಿ ಹೊರವಲಯದ ಹೆಂಗಸರು ಕೆಲಸ ಮುಗಿಸಿದ್ದರು.

ನಮ್ಮ ಸಮುದಾಯದ ಒಳಗಿನ ಒಂದು ಮಾತನ್ನೂ ಹೇಳಬೇಕು. ‘ಮಸೀದಿ ಹತ್ತಿರವೇ ಇದೆ, ನಮ್ಮವರೇ ಇದ್ದಾರೆ’ ಎಂದು ಹೇಳಿ ಕಾಗದಪತ್ರವಿಲ್ಲದ ಜಾಗವನ್ನು ನಮ್ಮವರಿಗೇ ಮಾರುವ ನಮ್ಮವರು ಕಡಿಮೆ ಇಲ್ಲ. ಬಾಡಿಗೆ ಮನೆ ಸಿಗದವನ ಭಯವೇ ಅವರ ಬಂಡವಾಳ. ಅಂಥ ಲೇಔಟುಗಳಲ್ಲಿ ಮಸೀದಿಗೆ ಜಾಗ ಬಿಟ್ಟಿರುತ್ತಾರೆ, ಶಾಲೆಗೆ ಬಿಟ್ಟಿರುವುದಿಲ್ಲ. ನಾವು ಉರ್ದುವನ್ನೂ ಕನ್ನಡವನ್ನೂ ಸರ್ಕಾರಿ ಶಾಲೆಯ ನೆಲದ ಮೇಲೆ ಕೂತು ಕಲಿತವರು. ಹೊರವಲಯದ ಮಕ್ಕಳಿಗೆ ಉರ್ದು ಶಾಲೆ ಇಲ್ಲ. ಕನ್ನಡ ಶಾಲೆ ಇದ್ದರೂ ನಡುವೆ ಹೆದ್ದಾರಿ. ಓಣಿಯ ಮೂಲೆಯ ಕಾನ್ವೆಂಟಿಗೆ ಫೀಸು ಕಟ್ಟಿ ಕಳಿಸುತ್ತಾರೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಸೊಗಸಾಗಿ ಆಡುವ ಆ ಮಕ್ಕಳು ಯಾವ ಭಾಷೆಯಲ್ಲೂ ಒಂದು ಪುಟ ಸರಾಗ ಓದದೆ ಏಳನೇ ತರಗತಿ ದಾಟುತ್ತಿದ್ದಾರೆ. ಕಮಿಟಿಯ ಹಿರಿಯರು ಮಿನಾರಿನ ಎತ್ತರದ ಚರ್ಚೆಯನ್ನು ಒಂದು ಶುಕ್ರವಾರ ಪಕ್ಕಕ್ಕಿಟ್ಟು ಇದರ ಬಗ್ಗೆ ಮಾತಾಡಬಾರದೆ?

ಈಗ ‘ಅಕ್ರಮ’ ಎಂಬ ಶಬ್ದಕ್ಕೆ ಬರೋಣ. ಹೊರವಲಯದ ಬಡವನಿಗೆ ಕಷ್ಟ ಬಂದಾಗಲೆಲ್ಲ ಈ ಶಬ್ದವನ್ನು ಅವನ ಮುಖಕ್ಕೆ ಹಿಡಿಯುತ್ತಾರೆ. ಅವನ ಸೈಟನ್ನು ನೋಂದಾಯಿಸಿ ಮುದ್ರಾಂಕ ಶುಲ್ಕ ತೆಗೆದುಕೊಂಡದ್ದು ಸರ್ಕಾರ. ‘ಬಿ ಖಾತಾ’ ಎಂಬ ಎರಡನೇ ದರ್ಜೆಯ ಪುಸ್ತಕದಲ್ಲಿ ಬರೆದುಕೊಂಡು ವರ್ಷ ವರ್ಷ ತೆರಿಗೆ ವಸೂಲಿ ಮಾಡಿದ್ದು ಪಾಲಿಕೆ. ಮೀಟರು ಕೊಟ್ಟದ್ದು ವಿದ್ಯುತ್ ಕಂಪನಿ. ವೋಟು ಕೇಳಿದ್ದು ಎಲ್ಲ ಪಕ್ಷ. ಬ್ಯಾಂಕು ಸಾಲ ಕೊಡುವಾಗ ಮಾತ್ರ ಅದು ಅಕ್ರಮ. ಅಕ್ರಮ-ಸಕ್ರಮ ಎಂದು ವರ್ಷಗಟ್ಟಲೆ ಆಸೆ ತೋರಿಸಿದರು. 2017ರ ಜನವರಿಯಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಿತ್ತು. 2025ರ ಕೊನೆಗೆ, ಮಾರ್ಗಸೂಚಿ ಬೆಲೆಯ ಶೇಕಡ 5 ಕಟ್ಟಿದರೆ ‘ಬಿ’ಯನ್ನು ‘ಎ’ ಮಾಡಿಕೊಡುವುದಾಗಿ ಸರ್ಕಾರ ಹೇಳಿತು. ಮಾರ್ಗಸೂಚಿ ಬೆಲೆ ಏರಿರುವ ಕಡೆ ಆ ಐದೂ ಕೂಲಿಯವನಿಗೆ ಭಾರವೇ. ಮೊದಲಿಗೆ ಆ ಸೈಟನ್ನು ಮಾರಿದ ಏಜೆಂಟನಿಂದ ಎಷ್ಟು ಶೇಕಡ ವಸೂಲಿ ಮಾಡುತ್ತಾರೆ ಎಂದು ನಾವು ಹುಡುಕಿದೆವು. ಅವನ ಮಾತೇ ಎಲ್ಲೂ ಇಲ್ಲ.

ಸರ್ಕಾರ ತಾನೇ ಜನರನ್ನು ಹೊರವಲಯಕ್ಕೆ ಒಯ್ದು ಬಿಟ್ಟ ಉದಾಹರಣೆಯೂ ಇದೆ. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗೆಂದೇ ಕಟ್ಟಿದ ವಸತಿಯ ಜಾಗದಿಂದ 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದರು. ಬುಲ್ಡೋಜರು ಬಂದಾಗ ಚಳಿಗಾಲ. ಅವರಲ್ಲಿ ಬಹಳ ಮಂದಿಗೆ ತೋರಿಸಿದ್ದು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಯನ್ನು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆದು ಬದುಕುತ್ತಿದ್ದ ಹೆಂಗಸಿಗೆ ಸೂಲಿಕುಂಟೆಯಲ್ಲಿ ಗೋಡೆ ಸಿಗಬಹುದು, ತೊಳೆಯಲು ಯಾರ ಮನೆಯ ಪಾತ್ರೆ ಸಿಗುತ್ತದೆ? ಹನ್ನೆರಡು ವರ್ಷದ ಮೇಲೆ, ಇನ್ನೊಂದು ಚಳಿಗಾಲದಲ್ಲಿ, 2025ರ ಡಿಸೆಂಬರ್ 20ರ ಬೆಳಗ್ಗೆ ಯಲಹಂಕದ ಬಳಿಯ ಕೋಗಿಲಿನಲ್ಲಿ ಫಕೀರ್ ಕಾಲೋನಿ, ವಸೀಂ ಲೇಔಟುಗಳ ನೂರೈವತ್ತಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಮುಸ್ಲಿಮರು, ಜೊತೆಗೆ ದಲಿತರು. ಘನತ್ಯಾಜ್ಯದ ಘಟಕಕ್ಕೆಂದು ಇಟ್ಟ ಜಾಗ ಅದು ಎಂಬುದು ಆಡಳಿತದ ಸಮಜಾಯಿಷಿ. ಗಲಾಟೆ ಎದ್ದ ಮೇಲೆ ಅರ್ಹರಿಗೆ ಬೇರೆ ಮನೆ ಕೊಡುವ ಮಾತು ಬಂತು. ಕೆಡವುವ ಮೊದಲು ಆ ಮಾತು ಬರದಂತೆ ತಡೆದದ್ದು ಯಾವ ಕಾನೂನು? ಹೊರವಲಯದಲ್ಲಿ ಮನೆ ಕಟ್ಟುವುದರ ಅನಾನುಕೂಲಗಳ ಪಟ್ಟಿಯಲ್ಲಿ ‘ಬೆಳಗಾಗುವಷ್ಟರಲ್ಲಿ ಮನೆ ಇಲ್ಲದಿರಬಹುದು’ ಎಂಬ ಸಾಲನ್ನು ನಾವು ಯಾವ ಪುರವಣಿಯಲ್ಲೂ ಓದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಜಾಣ ಪ್ರಶ್ನೆ ಬರುತ್ತದೆ. ಇಷ್ಟೆಲ್ಲ ಕಷ್ಟವಿದ್ದರೆ ಊರಲ್ಲೇ ಇರಬಹುದಿತ್ತಲ್ಲ? ಕೇಳುವವರು ಸಾಮಾನ್ಯವಾಗಿ ತಾವೇ ಎರಡು ತಲೆಮಾರಿನ ಹಿಂದೆ ಊರು ಬಿಟ್ಟು ಬಂದವರು. ಊರಲ್ಲಿರಲು ಏನು ಬೇಕು ಎಂಬುದನ್ನು ನಮ್ಮ ಜಿಲ್ಲೆಯ ಎರಡು ಕಾಮಗಾರಿಗಳಿಂದ ಹೇಳಬಹುದು. ಭದ್ರಾ ಮೇಲ್ದಂಡೆಯ ನೀರಿಗಾಗಿ ಚಿತ್ರದುರ್ಗ ಜಿಲ್ಲೆ ಕಾಯುತ್ತಲೇ ಬಂದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಯ ಘೋಷಣೆಯಾಯಿತು. ಘೋಷಣೆಯನ್ನು ನಂಬಿ ಯಾರೂ ಬಿತ್ತನೆ ಮಾಡಲಾಗದು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲುಮಾರ್ಗ ಮಂಜೂರಾದದ್ದು 2011–12ರಲ್ಲಿ. ಇವತ್ತಿಗೂ ದುರ್ಗದವರು ರೈಲಿನಲ್ಲಿ ರಾಜಧಾನಿಗೆ ಹೋಗಬೇಕಾದರೆ ನಮ್ಮ ತಾಲ್ಲೂಕಿನ ಚಿಕ್ಕಜಾಜೂರು, ಆಮೇಲೆ ಬೀರೂರು ಎಂದು ಸುತ್ತು ಹಾಕಬೇಕು. ನೇರ ರೈಲು ಇದ್ದಿದ್ದರೆ ತುಮಕೂರಿನ ಕಾರ್ಖಾನೆಗೆ ವಾರದ ಪಾಳಿಯಲ್ಲಿ ಹೋಗಿ ಬಂದು, ಊರಿನ ಮನೆಯ ಬೀಗದ ಕೈ ತಾವೇ ಇಟ್ಟುಕೊಂಡಿರುವ ಎಷ್ಟೋ ಮಂದಿ ಇರುತ್ತಿದ್ದರು. ಊರಿಗೆ ರೈಲು ತಾರದವರು, ಊರು ಬಿಟ್ಟದ್ದೇಕೆ ಎಂದು ಕೇಳುವ ಹಕ್ಕನ್ನು ಎಲ್ಲಿಂದ ತಂದರು?

ಕೇಳಬೇಕಾದದ್ದು ಬಹಳವೇನೂ ಇಲ್ಲ. ಕೊಳಾಯಿ, ಮೋರಿ, ಶಾಲೆ, ಬಸ್ಸು ಇಲ್ಲದ ಜಾಗದಲ್ಲಿ ಒಂದೇ ಒಂದು ಸೈಟೂ ನೋಂದಣಿಯಾಗಬಾರದು. ಈಗಾಗಲೇ ಇರುವವರಿಗೆ ದಂಡ ಹಾಕುವ ಮೊದಲು ಮಾರಿದವನಿಂದ ವಸೂಲಿ ಮಾಡಬೇಕು. ಟ್ಯಾಂಕರ್ ನೀರು ಕುಡಿಯುವ ಮನೆಗೂ ಜಲಮಂಡಳಿಯ ದರದಲ್ಲೇ ನೀರು ಸಿಗಬೇಕು, ಉಳಿದದ್ದನ್ನು ಸರ್ಕಾರ ಭರಿಸಲಿ. ಯಾರನ್ನು ಕೇಳುವುದು ಎಂಬುದೇ ತೊಡಕು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ವಾರ್ಡಿನ ಸದಸ್ಯ ಎಂಬ ಮನುಷ್ಯನೇ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಐದು ಕಚೇರಿ, ಐದು ಬೋರ್ಡು. ಗೆರೆಯ ಆಚೆಗಿನ ಮಾದನಾಯಕನಹಳ್ಳಿಯ ಟ್ಯಾಂಕರ್ ಮಾತ್ರ ಹಳೆಯದೇ.

ಇತ್ತ ನಮ್ಮ ಕಡೆಯೂ ಹೆದ್ದಾರಿಯ ಬದಿಯ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು ಏಳುತ್ತಿವೆ. ಚಿತ್ರದುರ್ಗಕ್ಕೂ ಒಂದು ಹೊರವಲಯ ತಯಾರಾಗುತ್ತಿದೆ. ಬೋರ್ಡಿನ ಮೇಲೆ ಹೆದ್ದಾರಿಗೆ ಐದು ನಿಮಿಷ, ಬರಲಿರುವ ರೈಲು ನಿಲ್ದಾಣಕ್ಕೆ ಹತ್ತು ನಿಮಿಷ ಎಂದು ದಪ್ಪಕ್ಷರದಲ್ಲಿ ಬರೆದಿದೆ. ನೀರು ಎಲ್ಲಿಂದ ಎಂದು ಅದರಲ್ಲಿರುವ ಮೊಬೈಲ್ ನಂಬರಿಗೆ ಫೋನು ಮಾಡಿ ಕೇಳಿದೆವು. ‘ಬೋರ್ ಹಾಕಿಸ್ಕೊಳ್ಳಿ ಸಾರ್, ಎಲ್ಲರೂ ಹಾಕಿಸ್ಕೊಳ್ತಾರೆ’ ಎಂದು ಉತ್ತರ ಬಂತು.